ಸ್ವಂತ ಭಕ್ತಿಯಿಂದ

“ಬಂದೋರು ಎಲ್ಲಿ ಕುಂದ್ರಬೇಕು?” ಎಂದು ಗುರುಸ್ವಾಮಿ ಗಟ್ಟಿಯಾಗಿಯೇ ಕೇಳಿದ. ಆಫೀಸಿನಲ್ಲಿ ಅವನ ಹೊರತು ಯಾರೂ ಇರಲಿಲ್ಲ. ಇದ್ದ ಎರಡು ಕುರ್ಚಿಗಳಲ್ಲಿ ಒಂದು ಸಾವ್ಕಾರರದು, ಅದರ ಬೆನ್ನಿಗೆ ಹೊದಿಸಿದ ಟರ್ಕಿ ಟವೆಲ್ಲಿಗೆ ಬೇರೆ ಯಾರ ಬೆವರೂ ತಾಗಕೂಡದು. ಇನ್ನೊಂದು ಪ್ಲಾಸ್ಟಿಕ್ಕಿನದು, ಅದರ ಹಿಂಗಾಲು ಸೀಳಿಹೋಗಿ, ಚೀಲದ ಬಾಯಿ ಹೊಲಿಯುವ ದಾರವನ್ನು ಯಾರೋ ಸುತ್ತಿ ಕಟ್ಟಿದ್ದರು. ಇವತ್ತು ಸಿರುಗುಪ್ಪೆಯ ಈ ರೈಸ್ ಮಿಲ್ಲಿಗೆ ಸೇಫ್ಟಿ ಮ್ಯಾನೇಜರನ್ನು ಆರಿಸುವ ದಿನ. ಬಂದವರು ಈ ಕುರ್ಚಿಯಲ್ಲಿ ಕೂತು ಬೀಳದೆ ಎದ್ದರೆ ಅದನ್ನೇ ಪರೀಕ್ಷೆ ಎಂದುಕೊಳ್ಳಬಹುದು ಅನ್ನಿಸಿ ನಗು ಬಂತು. ಹಂಚಿಕೊಳ್ಳಲು ಯಾರೂ ಇಲ್ಲದ ನಗು, ಬಾಯಲ್ಲೇ ಹುಳಿಯಾಯಿತು. ಪೇಪರಿನಲ್ಲಿ ಬಂದ ಜಾಹೀರಾತನ್ನು ಬರೆದವನೂ ಅವನೇ. ‘ಅನುಭವವುಳ್ಳ ಸುರಕ್ಷತಾ ವ್ಯವಸ್ಥಾಪಕರು ಬೇಕಾಗಿದ್ದಾರೆ’ ಎಂದು ಬರೆದು ಓದಿ ತೋರಿಸಿದಾಗ ಸಾವ್ಕಾರ ಗಾದಿಲಿಂಗಪ್ಪನವರು ಕಣ್ಣು ಮುಚ್ಚಿ ಕೇಳಿ, “ನಂಬಿಗಸ್ಥರು ಅಂತ ಒಂದು ಸೇರಿಸ್ರಿ ಸ್ವಾಮೇರ” ಎಂದಿದ್ದರು. ಹಾಗೆಂದರೇನು ಎಂಬುದು ಇಬ್ಬರಿಗೂ ಗೊತ್ತಿತ್ತು. ಅಪಘಾತವಾದ ಮೇಲೆ ಕಾರ್ಖಾನೆ ಇಲಾಖೆಯ ನೋಟೀಸು ಬಂದಿರದಿದ್ದರೆ ಅವರಿಗೆ ಈ ಮಿಲ್ಲಿನಲ್ಲಿ ಸುರಕ್ಷಿತವಾಗಿರಬೇಕಾದದ್ದು ಟವೆಲ್ಲು ಮಾತ್ರ.

ಇಪ್ಪತ್ತೆರಡು ವರ್ಷಗಳಿಂದ ಗುರುಸ್ವಾಮಿಯ ಕೆಲಸ ಓದುವುದು. ಹಾಜರಿ ಪುಸ್ತಕ, ಲಾರಿ ಚೀಟಿ ಎಂದು ಹೇಳಿಕೊಳ್ಳಲು ಬೇರೆ ಇವೆ. ಆದರೆ ಸಾವ್ಕಾರರು ಕಲಿತದ್ದು ಆದೋನಿಯ ಕಡೆ, ತೆಲುಗು ಸಾಲೆಯಲ್ಲಿ. ಕನ್ನಡದ ಅಕ್ಷರ ಅಂಗಡಿಯ ಬೋರ್ಡಿನಷ್ಟು ದಪ್ಪ ಇದ್ದರೆ ಮಾತ್ರ ಹತ್ತುತ್ತದೆ. ಹಾಗಾಗಿ ಬಂದ ಕಾಗದಗಳನ್ನೆಲ್ಲ, ಮದುವೆಯ ಲಗ್ನಪತ್ರಿಕೆಯಿಂದ ಹಿಡಿದು ಸರ್ಕಾರದ ಆಜ್ಞೆಯವರೆಗೆ, ಗುರುಸ್ವಾಮಿ ನಿಂತು ಓದಬೇಕು, ಅವರು ಕೂತು ಕೇಳಬೇಕು. ಕೆಟ್ಟ ಸಾಲು ಬಂದಾಗ ಕಣ್ಣು ಕಾಗದದ ಮೇಲಿದ್ದಂತೆಯೇ ನಾಲಿಗೆ ಅದನ್ನು ದಾಟಿಹೋಗುವ ವಿದ್ಯೆಯೂ ಅವನಿಗೆ ಕೈವಶವಾಗಿತ್ತು. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚಿದಾಗ ಅವನೇ ಓದುವವನು. ಅಲ್ಲಿ ಒಂದಕ್ಷರ ದಾಟಿದವನಲ್ಲ. ಅಜ್ಜನ ತೊಡೆಯ ಮೇಲೆ ಕೂತು ಕೇಳಿ ಕೇಳಿ ಕಿವಿಗೇ ಅಂಟಿದ ಷಟ್ಪದಿಯ ಓಟ, ಪ್ರಾಸದ ಹತ್ತಿರ ಬಂದಾಗ ತಾನಾಗಿ ಇಳಿಯುವ ದನಿ. ಈ ಸಲದ ಶ್ರಾವಣದಲ್ಲಿ ಅವನ ಕಂಠ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿತ್ತು ಎಂದು ಎಲ್ಲರೂ ಅಂದರು. ಪುರಾಣ ಮುಗಿದ ಮಂಗಲದ ದಿನ ಶಾಲು ಹೊದಿಸಿದರು. ಅದೇ ಶ್ರಾವಣದ ಮೊದಲ ದಿನ ಮಿಲ್ಲಿನ ಆಳು ಎರ್ರಿ ಬಾಯ್ಲರಿನ ಹಬೆಗೆ ಬೆಂದಿದ್ದ. ಬೆಂದವನ ಚರ್ಮ ಬಳ್ಳಾರಿಯ ದವಾಖಾನೆಯಲ್ಲಿ ಸುಲಿಯುತ್ತಿದ್ದಾಗ ತನ್ನ ಕಂಠ ಯಾಕೆ ಅಷ್ಟು ಇಂಪಾಗಿ ತೆರೆದುಕೊಂಡಿತು ಎಂಬುದು ಗುರುಸ್ವಾಮಿಗೆ ಗೊತ್ತಾಗಿರಲಿಲ್ಲ, ಗೊತ್ತಾದಾಗ ಅಸಹ್ಯವಾಯಿತು. ಒಳಗಿನ ದನಿಯೊಂದನ್ನು ಮುಚ್ಚಲು ಹೊರಗಿನ ದನಿ ಏರಿತ್ತು, ಅಷ್ಟೇ. ಜನ ಅದಕ್ಕೆ ಶಾಲು ಹೊದಿಸಿದರು.

ಹನ್ನೊಂದಕ್ಕೆ ಮೊದಲನೆಯವನು ಬಂದ. ಬಳ್ಳಾರಿ ಗಾಂಧಿನಗರದ ಚನ್ನಬಸವರಾಜ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಗಲಲ್ಲಿ ಚರ್ಮದ ಚೀಲ. ಕುರ್ಚಿಯನ್ನು ನೋಡದೆಯೇ ಅದರ ಮೇಲೆ ಕೂತ. ಕುರ್ಚಿ ಬೀಳಲಿಲ್ಲ. ಇಂಥವರ ಕೆಳಗೆ ಕುರ್ಚಿಗಳು ಬೀಳುವುದಿಲ್ಲ ಎಂದುಕೊಂಡು ಗುರುಸ್ವಾಮಿ ಅವನ ಅರ್ಜಿಯನ್ನು ಕೈಗೆ ತೆಗೆದುಕೊಂಡು ಓದಲು ನಿಂತ. ಸಾವ್ಕಾರರು ಕಣ್ಣು ಮುಚ್ಚಿದರು.

“ಎಷ್ಟು ಕಡಿ ಕೆಲಸ ಮಾಡಾಕತ್ತೀರಿ ಸದ್ಯಕ್ಕ?” ಎಂದು ಓದು ಮುಗಿದ ಮೇಲೆ ಕೇಳಿದರು.

“ಒಂಬತ್ತು ಕಡಿ ಅದೀನ್ರಿ. ನಿಮ್ದೊಂದು ಆದ್ರ ಹತ್ತಾಗ್ತತಿ, ಲೆಕ್ಕಕ್ಕ ಚಂದ.”

“ಒಂಬತ್ತು ಕಡಿಗೂ ಹೆಂಗ ಹೋಗ್ತೀರಿ?”

“ನಾ ಯಾಕ ಹೋಗ್ಲಿ ಸಾವ್ಕಾರ್ರ? ನನ್ನ ಸರ್ಟಿಫಿಕೇಟು ಹೋಗ್ತತಿ. ಕಟ್ಟು ಹಾಕ್ಸಿ ಗ್ವಾಡಿಗೆ ನೇತಾಕ್ರಿ. ನಾ ಇದ್ದಂಗ.” ಅವನು ಚೀಲ ತೆಗೆದು ತೋರಿಸಿದ. ಒಳಗೆ ರಬ್ಬರ್ ಸೀಲುಗಳು ಕುಂಕುಮದ ಭರಣಿಗಳಂತೆ ಸಾಲಾಗಿ ಕೂತಿದ್ದವು. “ಸೀಲು ನಂದ. ಮಸಿ ಸೈತ ನಂದ. ನಿಮಗೇನೂ ತ್ರಾಸಿಲ್ಲ.”

ಸಾವ್ಕಾರರ ಮುಖ ಅರಳಿತು. “ಚೂಡಪ್ಪಾ!” ಎಂದು ಗುರುಸ್ವಾಮಿಯ ಕಡೆ ತಿರುಗಿದರು, ಖುಷಿಯಾದಾಗ ಅವರಿಗೆ ತೆಲುಗು ಬರುತ್ತದೆ. “ಮನುಷ್ಯ ಅಂದ್ರ ಹಿಂಗಿರಬೇಕು.”

“ಒಂದಾ ಒಂದು ಮಾತು,” ಎಂದ ಚನ್ನಬಸವರಾಜ, ಚೀಲದ ಜಿಪ್ಪು ಎಳೆಯುತ್ತ. “ಬಾಯ್ಲರಿನ ತಾವ ಆದದ್ದು ನಾ ಬರೂಕಿಂತ ಮೊದ್ಲಿಂದು. ಅದು ನನ್ನ ತಲಿಗೆ ಬರಬಾರ್ದು. ಸುಟ್ಕೊಂಡೋನ ಕೈಲೇನ ಒಂದು ಹೇಳಿಕಿ ಬರಸ್ರಿ. ತಪ್ಪು ನಂದ ಅಂತ. ಹೆಬ್ಬಟ್ಟಾದ್ರೂ ನಡೀತತಿ. ಅದು ಬಂದ ಮ್ಯಾಲೆ ನನ್ನ ಸಹಿ.”

“ತಪ್ಪು ಏನಂತ ಬರಸೂದ್ರಿ?” ಎಂದರು ಸಾವ್ಕಾರರು.

“ಅದನ್ನ ನೀವ ಹುಡುಕ್ರಿ. ಹುಡುಕಿದ್ರ ಸಿಕ್ಕ ಸಿಗ್ತತಿ. ಬಡವನ ಮೈಮ್ಯಾಲೆ ತಪ್ಪು ಹುಡುಕಾಕ ಏನು ಟಾರ್ಚ್ ಬೇಕಾ?” ಎಂದು ನಕ್ಕ. ಸಾವ್ಕಾರರೂ ನಕ್ಕರು. ಗುರುಸ್ವಾಮಿ ಚಹಾ ತರಲು ಹೊರಗೆ ಹೋದ. ಅಮಾವಾಸ್ಯೆಯ ದಿನ ಇದೇ ಗಾದಿಲಿಂಗಪ್ಪನವರು ಪಂಚೆ ಎತ್ತಿ ಕಟ್ಟಿ, ಜಂಗಮನಾದ ಅವನ ಪಾದಕ್ಕೆ ಹಣೆ ಹಚ್ಚುತ್ತಾರೆ. ಉಳಿದ ಇಪ್ಪತ್ತೊಂಬತ್ತು ದಿನ ಅದೇ ಪಾದಗಳು ಗೇಟಿನ ಹೊರಗಿನ ಡಬ್ಬಾ ಅಂಗಡಿಗೆ ಚಹಾಕ್ಕೆ ಹೋಗುತ್ತವೆ. ಪಾದಗಳಿಗೆ ಇದರಿಂದ ಏನೂ ಅನ್ನಿಸುವುದಿಲ್ಲ. ಅನ್ನಿಸುವುದು ಬೇರೆಲ್ಲೋ. ಮೂರು ಗ್ಲಾಸು ತರಲು ಹೇಳಿದ್ದರು. ಮೂರನೆಯದು ತನಗೆಂದು ಅವನು ತಂದ, ಸಾವ್ಕಾರರು ಎರಡು ಕುಡಿದರು.

ಎರ್ರಿ ಬೆಂದದ್ದರ ಹಿಂದಿನ ದಿನವೂ ಅಂಥದೇ ಅಮಾವಾಸ್ಯೆ. ಆಷಾಢದ ಕೊನೆಯ ದಿನ. ಮಿಲ್ಲು ನಿಲ್ಲಿಸಿ, ಯಂತ್ರಗಳನ್ನೆಲ್ಲ ತೊಳೆದು, ಭತ್ತ ಕುದಿಸುವ ಬಾಯ್ಲರಿಗೆ ದೊಡ್ಡ ಪೂಜೆ. ಕೆಲಸದವರು ಅದನ್ನು ತಾಯಿ ಅನ್ನುತ್ತಾರೆ. ತಾಯಿಯ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಯಾರೂ ಹೋಗುವುದಿಲ್ಲ. ಹೊಟ್ಟಿನ ಬೂದಿ ಕೆಂಡದಂತೆ ಕಾದಿದ್ದರೂ ಬರಿಗಾಲಲ್ಲೇ ಹಾರಿ ಹಾರಿ ನಡೆಯುತ್ತಾರೆ. ಎರ್ರಿ ಬಾಯ್ಲರಿನ ಬೆಂಕಿ ನೋಡಿಕೊಳ್ಳುವವನು. ಅಂದು ಪೂಜೆಯ ತಟ್ಟೆ ಹಿಡಿದು ಹಿಂದೆ ನಿಂತಿದ್ದ. ಗುರುಸ್ವಾಮಿ ಮಂತ್ರ ಹೇಳುತ್ತ, ಬೆರಳು ಅದ್ದಿ ಅದ್ದಿ ಬಾಗಿಲಿಗೆ, ಕೊಳವೆಗೆ, ಗಾಲಿಗೆ ಹಚ್ಚುತ್ತ ಬಂದು, ಹಬೆಯ ಒತ್ತಡ ತೋರಿಸುವ ಮೀಟರಿನ ಎದುರು ನಿಂತ. ದುಂಡನೆಯ ಬಿಳಿ ಮುಖ. ಗಾಜಿನೊಳಗೆ ಕರಿ ಮುಳ್ಳು, ಬಲಗಡೆ ದಾಟಬಾರದ ಕೆಂಪು ಗೆರೆ. ಉಳಿದ ಕಬ್ಬಿಣಕ್ಕೆಲ್ಲ ಇಲ್ಲದ ಮುಖ ಇದೊಂದಕ್ಕಿತ್ತು. ಮುಖ ಅಂದ ಮೇಲೆ ಹಣೆ ಇರಲೇಬೇಕು. ಮೂರು ಬೆರಳಿನಿಂದ ಅಡ್ಡಲಾಗಿ ವಿಭೂತಿ ಎಳೆದ. ನಡುವೆ ಇಡಬೇಕಾದ ಕುಂಕುಮ ಬೆರಳು ಜಾರಿ ಬಲಕ್ಕೆ ಹೋಯಿತು. ಚಂದ ಕಂಡಿತು, ಬಿಟ್ಟ. ಮರುದಿನ ಬೆಂಕಿ ಏರಿತು, ವಿಭೂತಿ ಗಾಜಿನ ಮೇಲೆ ಒಣಗಿ ಗಾರೆಯಂತೆ ಗಟ್ಟಿಯಾಯಿತು, ಮುಳ್ಳು ಏರುತ್ತ ಏರುತ್ತ ಕುಂಕುಮದ ಹಿಂದೆ ಹೋಯಿತು. ಕೆಂಪು ಗೆರೆ ಎಲ್ಲಿ ಮುಗಿದು ಕುಂಕುಮ ಎಲ್ಲಿ ಶುರುವಾಯಿತು ಎಂದು ಎರ್ರಿಯಿರಲಿ, ಅದನ್ನು ಹಚ್ಚಿದವನೂ ಹೇಳುವಂತಿರಲಿಲ್ಲ. ಕೊಳವೆಯ ಒಂದು ಕೀಲು ಬಿಚ್ಚಿಕೊಂಡು ಹಬೆ ಎರ್ರಿಯ ಬಲಗೈಯ ಮೇಲೆ, ಎರಡು ಬರಿಗಾಲುಗಳ ಮೇಲೆ ಇಳಿಯಿತು. ಹೆಚ್ಚಾದ ಹಬೆ ತಾನೇ ಹೊರಹೋಗಬೇಕಾದ ಕವಾಟ ತುಕ್ಕು ಹಿಡಿದು ವರ್ಷಗಳಿಂದ ಅಲುಗಿರಲಿಲ್ಲ ಎಂಬುದು ಬೇರೆ ಮಾತು. ಆ ಬೇರೆ ಮಾತನ್ನು ಗುರುಸ್ವಾಮಿ ಐದು ವಾರಗಳಿಂದ ದಿನಕ್ಕೆ ನೂರೆಂಟು ಸಲ ಜಪಿಸುತ್ತಿದ್ದಾನೆ. ಕವಾಟ ಸಾವ್ಕಾರರದು, ಕುಂಕುಮ ನನ್ನದು. ಸ್ನಾನ ಮಾಡುವಾಗ, ಲಿಂಗಪೂಜೆಗೆ ಕೂತಾಗ, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ನೆಟ್ಟಾಗ, ಕವಾಟ ಅವರದು, ಕುಂಕುಮ ನನ್ನದು. ಇದನ್ನು ಪೂಜೆ ಅನ್ನಬೇಕೋ ವಾದ ಅನ್ನಬೇಕೋ.

ಇನ್ನೂ ಹೇಸಿಗೆಯ ಸಂಗತಿಯೊಂದಿದೆ. ಆರು ದಿನಗಳ ಹಿಂದೆ ಬೆನಕನ ಅಮಾವಾಸ್ಯೆ ಬಂತು. ಮೀಟರಿಗೆ ಹೊಸ ಗಾಜು ಬಂದಿತ್ತು. ತಟ್ಟೆ ಹಿಡಿಯಲು ಎರ್ರಿ ಇರಲಿಲ್ಲ, ಬೇರೆ ಯಾರೋ ಹಿಡಿದರು. ಮೀಟರಿನ ಎದುರು ಬಂದಾಗ ಗುರುಸ್ವಾಮಿಯ ಕೈ ನಿಂತಿತು. ಹಚ್ಚದೆ ಮುಂದೆ ಹೋದರೆ ಯಾಕೆ ಬಿಟ್ಟಿರಿ ಎಂದು ಯಾರಾದರೂ ಕೇಳುತ್ತಾರೆ. ಕೇಳಿದರೆ ಉತ್ತರವಿದೆ. ಉತ್ತರ ಇರುವುದೇ ತೊಂದರೆ. ಹಿಂದೆ ನಿಂತವರ ಉಸಿರು ಬೆನ್ನಿಗೆ ತಾಗುತ್ತಿತ್ತು. ಅವನು ಮೂರು ಬೆರಳು ಅದ್ದಿ ಎಳೆದ. ಹಿಂದಿನ ಸಲಕ್ಕಿಂತ ದಪ್ಪಗೆ ಎಳೆದ.

ಹನ್ನೆರಡೂವರೆಗೆ ಎರಡನೆಯವಳು ಬಂದಳು. ಖುಷ್ಬೂ, ಕುರುಗೋಡಿನವಳು, ತಂದೆ ಚಾಂದಸಾಬ್ ಎಂದು ಅರ್ಜಿಯಲ್ಲಿತ್ತು. ಕಬ್ಬಿಣದ ಕಾರ್ಖಾನೆಯೊಂದರಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದ್ದಳಂತೆ. ಚೂಡಿದಾರದ ಕೆಳಗೆ ದಪ್ಪ ಕರಿ ಬೂಟು, ಕೈಯಲ್ಲಿ ತನ್ನದೇ ಹಳದಿ ಹೆಲ್ಮೆಟ್ಟು. ಕುರ್ಚಿಯನ್ನು ನೋಡಿ, ಬಗ್ಗಿ ದಾರ ಮುಟ್ಟಿ, “ಇದು ಬೀಳ್ತತಿ” ಎಂದು ನಿಂತೇ ಇದ್ದಳು. ಗುರುಸ್ವಾಮಿಗೆ ಅವಳ ಮೇಲೆ ಥಟ್ಟನೆ ಸಿಟ್ಟು ಬಂತು. ಬೆಳಗಿನಿಂದ ಕುರ್ಚಿಯ ಬಗ್ಗೆ ತಾನು ಒಳಗೊಳಗೇ ಅಪಹಾಸ್ಯ ಮಾಡುತ್ತ ಕೂತಿದ್ದೆ, ಇವಳು ಎರಡೇ ಶಬ್ದಗಳಲ್ಲಿ ಹೇಳಿ ಮುಗಿಸಿಬಿಟ್ಟಳು. ಬಲ್ಲೆ ಎನ್ನುವವರ ಮುಖದಲ್ಲಿರುವ ಒಂದು ಬಗೆಯ ಸ್ವಚ್ಛತೆ ಅವನಿಗೆ ಮೊದಲಿನಿಂದಲೂ ಆಗುವುದಿಲ್ಲ.

“ಬಾಯ್ಲರ್ ನೋಡಬೌದಾ ಸರ್ರ?” ಎಂದಳು, ಅರ್ಜಿ ಓದಿ ಮುಗಿಯುವ ಮೊದಲೇ.

“ಆಮ್ಯಾಲೆ ನೋಡಿದ್ರಾತು,” ಎಂದರು ಸಾವ್ಕಾರರು.

“ನೋಡದಾ ನಾ ಏನಂತ ಮಾತಾಡ್ಲ್ರಿ?”

ಸಾವ್ಕಾರರು ಕೈ ಬೀಸಿದರು. ಗುರುಸ್ವಾಮಿ ಮುಂದಾದ. ಬಾಯ್ಲರ್ ಮನೆಯ ಬಾಗಿಲಲ್ಲಿ ಹನ್ನೆರಡು ಜೊತೆ ಹವಾಯಿ ಚಪ್ಪಲಿಗಳಿದ್ದವು. ತನ್ನವನ್ನು ಬಿಡುತ್ತ ಅವನು ಅವಳ ಬೂಟುಗಳ ಕಡೆ ನೋಡಿದ.

“ಒಳಗ ಪೂಜಿ ಆಗಿರ್ತತಿ ಅಮ್ಮಾ. ಇಲ್ಲೇ ಬಿಡ್ತಾರ ಎಲ್ಲಾರೂ.”

“ದರ್ಗಾದಾಗ ಬಿಡ್ತೀನ್ರಿ. ನಮ್ಮೂರು ದೊಡ್ಡ ಬಸವಣ್ಣನ ಗುಡ್ಯಾಗ ಸೈತ ಬಿಡ್ತೀನಿ. ಇಲ್ಲಿ ಬಿಡಂಗಿಲ್ಲ,” ಎಂದವಳು ಬೂಟು ಬಡಿಯುತ್ತ ಒಳಗೆ ನಡೆದೇ ಬಿಟ್ಟಳು. ಹೊಟ್ಟು ಸುರಿಯುತ್ತಿದ್ದ ಆಳೊಬ್ಬ ಬುಟ್ಟಿ ಕೆಳಗಿಟ್ಟು, “ಏನ್ರಲೇ ಇದು!” ಎಂದ. ಗುರುಸ್ವಾಮಿಗೆ ಅಪಚಾರವಾದಂತೆ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಸಮಾಧಾನವೂ ಆಯಿತು. ಅಪಚಾರ ಮಾಡುವವರು ಬೇರೆ ಯಾರಾದರೂ ಸಿಕ್ಕಿದರಲ್ಲ.

ಅವಳು ಮೀಟರಿನ ಎದುರು ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಕಟ್ಟೆಯ ಮೇಲಿದ್ದ ನೂಲಿನ ಉಂಡೆ ತೆಗೆದುಕೊಂಡು, “ಒರಸ್ಲ್ಯಾ?” ಎಂದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವಳು ಎಂಜಲು ತಾಗಿಸದೆ, ಬಾಟಲಿಯ ನೀರು ಹಾಕಿ ಒರೆಸಿದಳು. ಮೊದಲು ಕುಂಕುಮ ಹೋಯಿತು, ಆಮೇಲೆ ವಿಭೂತಿಯ ಮೂರು ಗೆರೆ. ಕರಿ ಮುಳ್ಳು, ಅದರ ಮುಂದೆ ಎರಡು ಬೆರಳಿನಷ್ಟು ದೂರದಲ್ಲಿ ಕೆಂಪು ಗೆರೆ, ಎಲ್ಲವೂ ಇದ್ದಲ್ಲೇ ಇದ್ದವು. ಇಷ್ಟು ಸುಲಭವಾಗಿತ್ತು ಅದು. ಒಂದು ಹಿಡಿ ನೂಲು, ಒಂದು ಗುಟುಕು ನೀರು.

“ಯಾರು ಹಚ್ಚಿದ್ದ್ರಿ ಇದನ್ನ?”

“ಎರ್ರಿ.” ಯಾರೋ ಹೇಳಿದಂತೆ ಕೇಳಿಸಿತು. ತನ್ನ ದನಿಯೇ, ಪುರಾಣ ಓದುವ ಅದೇ ಚೊಕ್ಕ ದನಿ.

“ಸುಟ್ಕೊಂಡೋರು ಅವರ ಅಲ್ಲೇನ್ರಿ? ಐದು ವಾರ ಆತಂತಲ್ಲ ಅವ್ರು ಬರದಾ,” ಎಂದು ಅವಳು ನೂಲಿನ ಉಂಡೆಯನ್ನು ನೋಡಿದಳು. ಕುಂಕುಮ ಇನ್ನೂ ಮಾಸದೆ ಕೆಂಪಗಿತ್ತು, ಐದು ವಾರದ ಹಳೆಯದಲ್ಲ. ನಂತರ ತಲೆಯೆತ್ತಿ ಅವನ ಹಣೆಯನ್ನು ನೋಡಿದಳು. ಹಣೆಯ ಮೇಲಿನ ಮೂರು ಗೆರೆಗಳನ್ನು ಒಂದೊಂದಾಗಿ, ಅಕ್ಷರ ಕೂಡಿಸಿ ಓದುವವರಂತೆ ನೋಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅಷ್ಟರಲ್ಲಿ ಹಿಂದಿನಿಂದ ಸಾವ್ಕಾರರ ದನಿ ಬಂತು. ಅವರು ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ.

“ಹೌದೌದು, ಎರ್ರಿನ. ಭಾಳ ಭಕ್ತಿ ಅವಂಗ,” ಎಂದರು. ಎರಡೂ ಅಮಾವಾಸ್ಯೆಗೆ ಗುರುಸ್ವಾಮಿಯ ಹಿಂದೆಯೇ ಕೈ ಮುಗಿದು ನಿಂತಿದ್ದವರು ಅವರು. ಅವನ ಕಡೆ ನೋಡಿ ಸಣ್ಣಗೆ ನಕ್ಕರು. ಆ ನಗೆಯಲ್ಲಿ ಟಾರ್ಚ್ ಇಲ್ಲದೆಯೇ ಹುಡುಕಿದ್ದು ಸಿಕ್ಕ ಖುಷಿಯಿತ್ತು.

“ನಾ ಬಂದ್ರ ಮೊದ್ಲು ಇದನ್ನ ಬರೀತೀನ್ರಿ,” ಎಂದಳು ಖುಷ್ಬೂ. “ಯಾರು ಹಚ್ಚಿದ್ರು ಅಂತಲ್ಲ. ಹಚ್ಚಾಕ ಯಾಕ ಬಿಟ್ರಿ, ಆ ಕವಾಟ ಯಾಕ ಜಾಮ್ ಆಗೈತಿ, ಚಪ್ಲಿ ಯಾಕ ಹೊರಗದಾವ, ಅಂತ.”

ಅವಳು ಹೋದ ಮೇಲೆ ಸಾವ್ಕಾರರು ಟವೆಲ್ಲಿನ ಕುರ್ಚಿಗೆ ಒರಗಿದರು. “ಹುಡುಗಿ ಭಾಳ ನೋಡ್ತತಿ ಸ್ವಾಮೇರ. ನೋಡೋರನ್ನ ಇಟ್ಕೊಂಡು ಏನ್ ಮಾಡೂದು? ನಮಗ ಸಹಿ ಮಾಡೋರು ಬೇಕು. ಗಾಂಧಿನಗರದಂವಗ ಫೋನ್ ಹಚ್ರಿ. ಆಮ್ಯಾಲೆ ಕುಂತು ಆ ಹೇಳಿಕಿ ಬರೀರಿ, ಎರ್ರಿದು. ನೀವ ಹೇಳಿದ್ರಲ್ಲ, ಹಂಗ ಬರೀರಿ.”

“ನಾ ಬಾಯಿ ತಪ್ಪಿ ಅಂದೆ ಸಾವ್ಕಾರ್ರ…”

“ನಿಮ್ಮ ಬಾಯಿ ತಪ್ಪತತೇನ್ರಿ? ಇಡೀ ಊರು ಅದಕ್ಕ ಕೈ ಮುಗೀತತಿ.” ಅವರು ಮುಂದಕ್ಕೆ ಬಾಗಿ, ದನಿ ಇಳಿಸಿ, ಪಾದಕ್ಕೆ ಬೀಳುವಾಗಿನ ವಿನಯದಲ್ಲೇ ಹೇಳಿದರು: “ಅವನ ಹೆಸರು ಬರದಿದ್ರ ಯಾರ ಹೆಸರು ಬರೀಬೇಕಾಗ್ತತಿ, ನೀವ ವಿಚಾರ ಮಾಡ್ರಿ. ನಂದಂತೂ ಬರಿಯಾಕ ಬರಂಗಿಲ್ಲ. ಹೆಬ್ಬಟ್ಟು ಒತ್ತಿದ್ರ ಅವಂಗ ಗೇಟಿನಾಗ ಕೂಡೋ ಕೆಲಸ ಕೊಡ್ತಾರಂತ ಹೇಳ್ರಿ. ಕೊಡೂದು ಬಿಡೂದು ಆಮ್ಯಾಲೆ. ಇವತ್ತ ಹೋಗಿಬರ್ರಿ.”

ಗುರುಸ್ವಾಮಿ ಬರೆದ. ಬರೆಯುವುದು ಹೇಗೆ ಎಂದು ಅವನಿಗೆ ಗೊತ್ತಿತ್ತು, ಅದೇ ಕೆಟ್ಟದ್ದು. ‘ನಾನು ನನ್ನ ಸ್ವಂತ ಭಕ್ತಿಯಿಂದ, ಯಾರ ಅಪ್ಪಣೆಯೂ ಇಲ್ಲದೆ, ಯಾರ ಗಮನಕ್ಕೂ ಬಾರದೆ, ಮೀಟರಿನ ಗಾಜಿಗೆ ವಿಭೂತಿ ಕುಂಕುಮಗಳನ್ನು ಹಚ್ಚಿದ್ದರಿಂದ ಈ ಅನಾಹುತ ಸಂಭವಿಸಿದ್ದು, ಇದಕ್ಕೆ ನಾನೇ ಹೊಣೆಗಾರನಾಗಿರುತ್ತೇನೆ.’ ವಾಕ್ಯ ತನಗೆ ತಾನೇ ಉರುಳಿಕೊಂಡು ಬಂದು, ಹೊಣೆಗಾರನಲ್ಲಿ ಸರಿಯಾಗಿ ಇಳಿಯಿತು. ಮೊದಲು ‘ಸ್ವಂತ ಇಚ್ಛೆಯಿಂದ’ ಎಂದಿದ್ದನ್ನು ಹೊಡೆದು ‘ಭಕ್ತಿಯಿಂದ’ ಎಂದು ಮಾಡಿದ್ದ. ಓದಿ ನೋಡಿದಾಗ ಅದೇ ಸರಿ ಅನ್ನಿಸಿ, ಒಂದು ಕ್ಷಣ, ಒಂದೇ ಕ್ಷಣ, ಬರೆದವನ ಸಂತೋಷವಾಯಿತು. ಮೈಮೇಲೆ ಹುಳು ಹರಿದಂತೆ ಅವನು ಪೆನ್ನು ಕೆಳಗಿಟ್ಟ.

ನಾಲ್ಕೂವರೆಗೆ ಗಾಡಿ ತೆಗೆದ. ತೆಕ್ಕಲಕೋಟೆ ದಾಟಿ ಸಿರಿಗೇರಿಯ ರಸ್ತೆ ಹಿಡಿದಾಗ ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು. ಗಣಪತಿ ಕೂಡಿಸಿದ ಪೆಂಡಾಲುಗಳಿಂದ ಸಿನಿಮಾ ಹಾಡು. ಜೇಬಿನ ಕಾಗದ ಎದೆಗೆ ಒತ್ತುತ್ತಿತ್ತು, ಪಕ್ಕದಲ್ಲೇ ಅಂಗಿಯೊಳಗೆ ಕರಡಿಗೆಯಲ್ಲಿ ಲಿಂಗ. ಎರಡರಲ್ಲಿ ಯಾವುದು ಒತ್ತುತ್ತಿದೆ ಎಂದು ತಿಳಿಯದಂತೆ ಗಾಡಿ ಕುಲುಕುತ್ತಿತ್ತು. ಆ ಹುಡುಗಿ ಇಷ್ಟು ಹೊತ್ತಿಗೆ ಕುರುಗೋಡಿನ ಬಸ್ಸಿನಲ್ಲಿ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ. ತನ್ನ ಬಗ್ಗೆ ಮನೆಯಲ್ಲಿ ಏನು ಹೇಳಬಹುದು? ಒಬ್ಬ ಅಯ್ಯನವರಿದ್ದರು, ಎಂದು ಶುರು ಮಾಡಬಹುದು. ಹೇಳುವುದಕ್ಕೂ ಯೋಗ್ಯನಲ್ಲ ಎಂದು ಬಿಟ್ಟುಬಿಡಲೂಬಹುದು. ಎರಡನೆಯದೇ ಹೆಚ್ಚು ಚುಚ್ಚಿತು.

ಎರ್ರಿ ಮನೆಯ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಪಾದಗಳಿಗೆ ತೆಳ್ಳನೆಯ ಬಿಳಿ ಬಟ್ಟೆ. ಬಲಗೈಯ ಹೊಸ ಚರ್ಮ ಇಲಿಮರಿಯಂತೆ ಗುಲಾಬಿ ಬಣ್ಣದ್ದು, ನೋಡಿದರೆ ನೋವಾಗುವಂಥದ್ದು. ಅವನ ಹೆಂಡತಿ ಸುಂಕಲಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಬರ್ರಿ ಅಯ್ನೋರ,” ಎಂದಳು ಮೊರ ನಿಲ್ಲಿಸದೆ. “ಅಮಾಸಿ ಮುಗುದು ವಾರಾತು. ಈಗ್ಯಾಕ ಬಂದ್ರಿ?”

“ಏ ಸುಮ್ಕಿರ,” ಎಂದ ಎರ್ರಿ. ಏಳಲು ಹೋಗಿ, ಆಗದೆ, ಕೂತಲ್ಲೇ ಎರಡೂ ಕೈ ಜೋಡಿಸಿದ. “ಕಾಲು ಮುಟ್ಟಾಕ ಬಗ್ಗಾಕ ಬರವಲ್ದರಿ ಅಯ್ನೋರ, ತಪ್ಪು ತಿಳೀಬ್ಯಾಡ್ರಿ. ಸೇಫ್ಟಿ ಸಾಹೇಬ್ರು ಸಿಕ್ರಂತಾ?”

“ಸಿಕ್ರು.”

“ಚಲೋ ಆತು ಬಿಡ್ರಿ. ಅವ್ರು ಬಂದ್ರ ಎಲ್ಲಾರಿಗೂ ಬೂಟು ಕೊಡ್ತಾರಂತ. ನನ್ನ ಕಾಲಿಗೆ ಈಗ ಎಷ್ಟನೇ ನಂಬರ್ ಬರ್ತತೋ!” ಎಂದು ನಕ್ಕ. ನಗು ಅವನಿಗೆ ಸಹಜವಾಗಿಯೇ ಬರುತ್ತಿತ್ತು. ಅದರಲ್ಲಿ ಕೊಂಕಿದೆಯೇ ಎಂದು ಗುರುಸ್ವಾಮಿ ಹುಡುಕಿದ. ಇಲ್ಲದಿದ್ದರೆ ಇನ್ನೂ ಕಷ್ಟ.

“ಒಂದು ಕಾಗದ ತಂದೀನಿ ಎರ್ರಿ. ಹೊಸ ಸಾಹೇಬ್ರು ಕೇಳ್ಯಾರ. ಒಂದು ಹೆಬ್ಬಟ್ಟು ಬೇಕು. ಆಮ್ಯಾಲೆ ನಿನಗ ಗೇಟಿನಾಗ ಕೂಡೋ ಕೆಲಸ ಕೊಡ್ತಾರಂತ.” ಮಸಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ.

“ಏನ್ ಬರದೈತ್ರಿ ಅದರಾಗ?” ಮೊರ ನಿಂತಿತು.

“ಆದದ್ದು ಬರದೈತವ್ವಾ.”

“ಆದದ್ದು ಅಂದ್ರ?”

“ಏ, ನೀ ಏನ್ ಪೊಲೀಸಾ?” ಎಂದ ಎರ್ರಿ. ಎಡಗೈ ಚಾಚಿ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡು ಮುಚ್ಚಳ ತೆಗೆದ. “ಬರದೋರು ಯಾರ್ರಿ ಅಯ್ನೋರ?”

“ನಾನ.”

“ಹಂಗಾರ ಓದ್ರಿ ಒಂದು ಸಲ. ಈ ಶ್ರಾವಣ ಪೂರ್ತಿ ತಪ್ಪಿಹೋತು ನನಗ. ಹಾಸಿಗ್ಯಾಗ ಬಿದ್ಕೊಂಡು ದಿನಾ ಸಂಜೀಕ ಅಂದ್ಕೊಂತಿದ್ದೆ, ಈಗ ಅಯ್ನೋರು ಕುಂತಿರ್ತಾರ, ಈಗ ಶುರು ಮಾಡಿರ್ತಾರ ಅಂತ. ಇವತ್ತು ನಮ್ಮ ಮನಿಗೇ ಬಂದೀರಿ. ನಿಮ್ಮ ಬಾಯಾಗ ಬಂತಂದ್ರ ಅದು ಖರೇನ. ಕೇಳಿ ಒತ್ತತೀನಿ.”

“ಓದಲಾರದಾ ಅಂವ ಒತ್ತಂಗಿಲ್ಲ ಮತ್ತ,” ಎಂದಳು ಸುಂಕಲಮ್ಮ.

ಗುರುಸ್ವಾಮಿ ಕಾಗದ ಬಿಚ್ಚಿದ. ಎದುರು ಮನೆಯ ಮುದುಕಿಯೊಬ್ಬಳು ಇಣುಕಿ ನೋಡಿ, ಅಯ್ಯನವರು ಕಾಗದ ಹಿಡಿದು ನಿಂತದ್ದನ್ನು ಕಂಡು, ಸೆರಗನ್ನು ತಲೆಗೆ ಎಳೆದುಕೊಂಡು ಬಂದು ಕೂತಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ಯಾರೋ ಒಳಗಿನಿಂದ ಕಂಬಳಿ ತಂದು ಅವನಿಗಾಗಿ ಹಾಸಿದರು. ಯಾರ ಮನೆಯದೋ ಟಿವಿ ಬಾಯಿ ಮುಚ್ಚಿಕೊಂಡಿತು. ಏನು ಓದುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ಅಯ್ಯನವರು ಓದುತ್ತಾರೆ, ಕೇಳಬೇಕು, ಅಷ್ಟೇ. ಎರ್ರಿ ಎಡಗೈಯ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿ, ಬೇರೆ ಯಾವುದಕ್ಕೂ ತಾಗದಂತೆ ಮೇಲೆತ್ತಿ ಹಿಡಿದು, ಕಣ್ಣು ಮುಚ್ಚಿದ. ಆ ಅಮಾವಾಸ್ಯೆ ತಟ್ಟೆ ಹಿಡಿದು ನಿಂತಿದ್ದವನು ಇವನು, ಯಾವ ಬೆರಳು ಎಲ್ಲಿಗೆ ಹೋಯಿತು ಎಂದು ಬಲ್ಲವನು. ಬಲ್ಲವನ ಮುಚ್ಚಿದ ಕಣ್ಣುಗಳು ಪರೀಕ್ಷೆಯೋ ನಂಬಿಕೆಯೋ ತಿಳಿಯುವಂತಿರಲಿಲ್ಲ.

ಕಣ್ಣು ಈ ಕಾಗದದ ಮೇಲಿಟ್ಟು ನಾಲಿಗೆಯಲ್ಲಿ ಬೇರೆಯದನ್ನೇ ಓದಬಹುದಿತ್ತು. ಎರ್ರಿ ಒಳ್ಳೆಯ ಕೆಲಸಗಾರ, ಕವಾಟ ತುಕ್ಕು ಹಿಡಿದಿತ್ತು, ಇವನದು ಏನೂ ತಪ್ಪಿಲ್ಲ, ಎಂದು ಇಂಪಾಗಿ ಓದಿಬಿಟ್ಟರೆ ಈ ಹೆಂಗಸರು ತಲೆದೂಗುತ್ತಾರೆ, ಆ ಮಸಿಯ ಬೆರಳು ಬಂದು ‘ಹೊಣೆಗಾರನಾಗಿರುತ್ತೇನೆ’ಯ ಕೆಳಗೆ ತಾನಾಗಿ ಕೂರುತ್ತದೆ. ಇಪ್ಪತ್ತೆರಡು ವರ್ಷ ಸಾವ್ಕಾರರ ಮುಂದೆ ಮಾಡಿದ ಕೆಲಸವೇ ಅದು. ಗಂಟಲು ಅಭ್ಯಾಸಬಲದಿಂದ ಶ್ರುತಿ ಹಿಡಿಯಿತು. ಶ್ರುತಿ ಕೂಡಿಬಂತು. ಇಷ್ಟು ಸಲೀಸಾಗಿ ಕೂಡಿಬಂದ ಆ ದನಿಯನ್ನು ಕೇಳಿ ಅವನಿಗೆ ತನ್ನದೇ ಬಾಯಿಯ ಮೇಲೆ, ಅದರ ಹಲ್ಲು ನಾಲಿಗೆಗಳ ಮೇಲೆ, ಯಾರದೋ ಎಂಜಲು ಕಂಡಂತೆ ಓಕರಿಕೆ ಬಂತು. ಇದು ಧೈರ್ಯವಲ್ಲ ಎಂದು ಅವನಿಗೆ ಗೊತ್ತಿತ್ತು. ಧೈರ್ಯ ಇದ್ದಿದ್ದರೆ ಆ ಹುಡುಗಿ ಕೇಳಿದಾಗಲೇ ಇರುತ್ತಿತ್ತು. ಇದಕ್ಕೆ ಹೆಸರಿಲ್ಲ. ನಾಳೆ ಸಾವ್ಕಾರರ ಮುಂದೆ ನಿಂತಾಗ ಇದು ಇರುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ.

“ಎಲ್ಲಾರೂ ಕುಂತಾರ್ರಿ ಅಯ್ನೋರ,” ಎಂದ ಎರ್ರಿ, ಕಣ್ಣು ತೆರೆಯದೆ. “ಓದ್ರಿ.”

“ಓದಂಗಿಲ್ಲ,” ಎಂದ ಗುರುಸ್ವಾಮಿ.